ಯಂಕಪ್ಪನ ಇಲಿಗಳು

ಹೈದರಾಬಾದಿಗೆ ಬಂದ ಮೊದಲ ವಾರವೇ ನನ್ನ ಕೈಯಿಂದ ನಲವತ್ತು ಆರೋಗ್ಯವಂತ ಜೀವಗಳಿಗೆ ಕ್ಯಾನ್ಸರ್ ಕೊಡಿಸಿದರು. ನಾನು ಪಶುವೈದ್ಯೆ. ಬೀದರಿನಲ್ಲಿ ಓದಿ, ಹುಮನಾಬಾದ್ ಕಡೆಯ ಒಂದು ದನದ ದವಾಖಾನೆಯಲ್ಲಿ ಎರಡು ವರ್ಷ ಗುತ್ತಿಗೆಯ ಮೇಲೆ ದುಡಿದವಳು. ಹೊಟ್ಟೆ ಉಬ್ಬಿದ ಎಮ್ಮೆ, ಕರು ಅಡ್ಡ ತಿರುಗಿದ ಆಕಳು, ಕಾಲು ಮುರಿದ ಹೋತ, ಏನೇ ಬರಲಿ, ರೋಗ ಹೊತ್ತು ಬಂದದ್ದನ್ನು ತನ್ನ ಕಾಲ ಮೇಲೆ ನಡೆಸಿ ಕಳಿಸುವುದು ಅಲ್ಲಿ ನನ್ನ ಕೆಲಸ. ಇಲ್ಲಿ, ಕ್ಯಾನ್ಸರ್ ಔಷಧ ಹುಡುಕುವ ಪ್ರಯೋಗಾಲಯದಲ್ಲಿ, ಎಲ್ಲ ಉಲ್ಟಾ. ಮೈಮೇಲೆ ಒಂದು ಕೂದಲೂ ಇಲ್ಲದ, ಗುಲಾಬಿ ಬಣ್ಣದ ಪುಟ್ಟ ಇಲಿಗಳು ತಮ್ಮ ಪಾಡಿಗೆ ತಾವು ಓಡಾಡಿಕೊಂಡಿದ್ದವು. ಒಂದೊಂದನ್ನೇ ಹಿಡಿದು, ಪಕ್ಕೆಯ ಚರ್ಮದಡಿ ಮನುಷ್ಯನ ಶ್ವಾಸಕೋಶದ ಕ್ಯಾನ್ಸರ್ ಕೋಶಗಳನ್ನು ಸೂಜಿಯಿಂದ ಬಿಟ್ಟೆ. ಮೊದಲನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ಹತ್ತನೆಯದಕ್ಕೆ ಹಿಡಿಯಲಿಲ್ಲ. ಮಧ್ಯಾಹ್ನ ಕ್ಯಾಂಟೀನಿಗೆ ಹೋಗಿ ಹೊಟ್ಟೆತುಂಬ ಅನ್ನ, ಪಪ್ಪು ಉಂಡೆ. ಪಪ್ಪು ಅಂದರೆ ಇಲ್ಲಿಯವರ ಗಟ್ಟಿ ಬೇಳೆ.

ಅವತ್ತು ಅವ್ವ ಫೋನಿನಲ್ಲಿ ಹೊಸ ಕೆಲಸ ಹೇಗಿದೆ ಎಂದು ಕೇಳಿದಳು. ಭಾಳ ಸ್ವಚ್ಛ ಅದ ಎಂದೆ. ಅದು ಸುಳ್ಳಲ್ಲ. ಊರಲ್ಲಿ ಸೆಗಣಿಯಲ್ಲಿ ಮೊಣಕಾಲೂರಿ ಕೆಲಸ ಮಾಡುತ್ತಿದ್ದವಳು ಇಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ಹಾಕಿಕೊಂಡು, ಮುಖ ಮುಚ್ಚಿ, ಗಾಳಿ ಬೀಸುವ ಕೋಣೆ ದಾಟಿ ಒಳಗೆ ಹೋಗಬೇಕು. ಈ ಇಲಿಗಳಿಗೆ ರೋಗ ತಡೆಯುವ ಶಕ್ತಿಯೇ ಇರದಂತೆ ಹುಟ್ಟಿಸಿರುತ್ತಾರೆ. ನನ್ನ ಒಂದು ನೆಗಡಿಗೆ ಅವು ಸತ್ತುಹೋಗಬಹುದು. ಕ್ಯಾನ್ಸರ್ ಕೊಡುವವಳು ನೆಗಡಿ ಕೊಡಬಾರದು ಎಂಬ ಈ ಮಡಿಯನ್ನು ಕಂಡು ಮೊದಮೊದಲು ನನಗೆ ನಗು ಬರುತ್ತಿತ್ತು.

ಹೈದರಾಬಾದ್ ನಮಗೇನು ಪರದೇಶವಲ್ಲ ಅಂದುಕೊಂಡೇ ಬಂದಿದ್ದೆ. ನಮ್ಮಜ್ಜ ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತವರು, ಅವರ ಬಾಯಲ್ಲಿ ಶಹರ ಅಂದರೆ ಇದೊಂದೇ. ನಮ್ಮ ಸೀಮೆಯ ಹೆಸರಿನೊಳಗೇ ಮೊನ್ನೆಮೊನ್ನೆಯವರೆಗೆ ಹೈದರಾಬಾದ್ ಕೂತಿತ್ತು. ಈಗ ಅದನ್ನು ತೆಗೆದು ಕಲ್ಯಾಣ ಎಂದು ಮಾಡಿದ್ದಾರೆ. ಹಳೇ ಶಹರದ ಆಟೋದವರ ಜೊತೆ ಬೇಡಕ್ಕೆ 'ನಕ್ಕೋ', ಹೌದಿಗೆ 'ಹೌ' ಅಂತ ಜಗಳವಾಡಲು ನನಗೇನೂ ತೊಂದರೆಯಾಗಲಿಲ್ಲ, ಅದು ನಮ್ಮ ಬೀದರಿನ ಓಣಿಯ ಮಾತೇ. ಆದರೆ ನಾನು ಮನೆ ಹಿಡಿದದ್ದು ಮಿಯಾಪುರದಲ್ಲಿ. ಅಲ್ಲಿ ಲಿಫ್ಟಿನಲ್ಲೂ ತೆಲುಗು, ತರಕಾರಿ ಗಾಡಿಯಲ್ಲೂ ತೆಲುಗು. ಅಜ್ಜನ ಶಹರಕ್ಕೂ ಈ ಮೂವತ್ತು ಅಂತಸ್ತಿನ ಕಟ್ಟಡಗಳಿಗೂ ಸಂಬಂಧವೇ ಇಲ್ಲ.

ಮನೆ ಸಿಕ್ಕಿದ್ದೂ ಒಂದು ಕಥೆ. ಮೊದಲ ಇಬ್ಬರು ಮನೆಯೊಡತಿಯರು ಮದುವೆ ಆಗಿಲ್ಲವೇ, ಮಾಂಸ ಮಾಡುತ್ತೀರಾ ಎಂದೆಲ್ಲ ಕೇಳಿ ಒಪ್ಪಿದ ಮೇಲೆ, ಕೆಲಸ ಏನು ಎಂದು ಕೇಳಿದರು. ಇಲಿ ಎಂದೆ. ಮಾತು ಅಲ್ಲಿಗೆ ಮುಗಿಯಿತು. ಮೂರನೆಯವರಿಗೆ ಜಾನುವಾರು ಡಾಕ್ಟರ್ ಎಂದಷ್ಟೇ ಹೇಳಿ ಬೀಗದ ಕೈ ತೆಗೆದುಕೊಂಡೆ. ಒಂದು ಮಾತು ಬಿಟ್ಟು ಹೇಳಿದರೆ ಬಾಗಿಲು ತೆರೆಯುತ್ತದೆ ಎಂದು ಈ ಊರಿನಲ್ಲಿ ಕಲಿತದ್ದು ಆವಾಗಲೇ ಇರಬೇಕು.

ತೆಲುಗು ನಿಧಾನಕ್ಕೆ ಬಂತು. ಪಂಜರ ತೊಳೆಯುವ ಸತ್ತಮ್ಮ ನನ್ನ ಗುರು. ಅವಳು ಒಂದು ಇಲಿಗೆ 'ಗಡ್ಡ' ಬಂದಿದೆ ಎಂದಾಗ, ಕೂದಲೇ ಇಲ್ಲದ ಇಲಿಗೆ ಎಂಥ ಗಡ್ಡ ಎಂದು ನಕ್ಕೆ. ಇಲ್ಲಿ ಗಡ್ಡ ಅಂದರೆ ಗಂಟು. ಸಂಜೆ ರಸ್ತೆಬದಿ ಹೆಂಗಸರು ಒಲೆ ಹೂಡಿ ಜೊನ್ನರೊಟ್ಟೆ ಬಡಿಯುತ್ತಾರೆ, ನಮ್ಮ ಜೋಳದ ರೊಟ್ಟಿಯೇ. ಊರಲ್ಲಿ ಅದು ಊಟ. ಇಲ್ಲಿ ಸಕ್ಕರೆ ಕಾಯಿಲೆಯವರ ಪಥ್ಯ. ಎರಡು ಕೊಡು ಎಂದರೆ ಮಾರುವವಳು, ಇಷ್ಟು ಚಿಕ್ಕ ವಯಸ್ಸಿಗೇ ಷುಗರಾ ಎಂದು ಕನಿಕರಪಡುತ್ತಿದ್ದಳು. ಇದೆಲ್ಲ ಬರೆಯಲು ಚೆನ್ನಾಗಿದೆ. ಆದರೆ ದಿನಗಟ್ಟಲೆ ಒಂದು ಕನ್ನಡದ ಮಾತೂ ಕಿವಿಗೆ ಬೀಳದೆ ಇರುವುದು ಹೇಗೆಂದು ಇದ್ದವರಿಗೇ ಗೊತ್ತು. ಇಲಿಗಳ ಜೊತೆ ಕನ್ನಡದಲ್ಲಿ ಮಾತಾಡತೊಡಗಿದ್ದೆ. ಬಾ ತಾಯಿ, ಕಚ್ಚಬೇಡ ಎನ್ನುತ್ತಿದ್ದೆ.

ಕೆಲಸದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯದು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಸಣ್ಣ ಕೋಶದ್ದು ಎಂಬ ಒಂದು ಜಾತಿ ಇದೆ. ಬೀಡಿ ಸಿಗರೇಟಿನವರಿಗೇ ಹೆಚ್ಚು. ಅದರ ಗುಣ ವಿಚಿತ್ರ. ಮೊದಲ ಸಲ ಕೀಮೋ ಕೊಟ್ಟಾಗ ಮಂಜುಗಡ್ಡೆಯಂತೆ ಕರಗಿಬಿಡುತ್ತದೆ. ರೋಗಿ ಎದ್ದು ಓಡಾಡುತ್ತಾನೆ, ಮನೆಯವರು ಹರಕೆ ತೀರಿಸುತ್ತಾರೆ. ಕೆಲವು ತಿಂಗಳಿಗೆ ತಿರುಗಿ ಬರುತ್ತದೆ, ಬಂದಾಗ ಯಾವ ಔಷಧಕ್ಕೂ ಸಾಮಾನ್ಯವಾಗಿ ಬಗ್ಗುವುದಿಲ್ಲ. ನಮ್ಮಲ್ಲಿ ನೋಡುತ್ತಿದ್ದುದು ಗುರಿಯಿಟ್ಟು ಹೊಡೆಯುವ ಔಷಧಗಳನ್ನು. ಕೀಮೋ ಅಂದರೆ ಇಡೀ ಹೊಲಕ್ಕೆ ವಿಷ ಹೊಡೆದ ಹಾಗೆ, ಪೈರೂ ಬಾಡುತ್ತದೆ. ಇದು ಕಳೆಯ ಗುರುತು ಹಿಡಿದು ಕಳೆಯನ್ನಷ್ಟೇ ಕೀಳಬೇಕು. ಮನುಷ್ಯರಿಗೆ ಕೊಡುವ ಮಾತು ಬಹಳ ದೂರ. ಮೊದಲು ಇಲಿಗೆ ಕೊಟ್ಟು, ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಪಕ್ಕೆಯ ಗಂಟನ್ನು ಅಳತೆಯ ಚಿಮಟದಿಂದ ಅಳೆಯಬೇಕು. ಒಂದು ಪ್ರಯೋಗ ಶುರುವಾದ ಮೇಲೆ ಮುಗಿಯುವವರೆಗೂ ಅಳೆಯುವ ಕೈ ಬದಲಾಗಬಾರದು. ಒಬ್ಬೊಬ್ಬರು ಒಂದೊಂದು ಥರ ಒತ್ತಿದರೆ ಲೆಕ್ಕ ಕೆಡುತ್ತದೆ. ನಮ್ಮಲ್ಲಿ ಆ ಕೈ ನನ್ನದು.

ಗಂಟಿಗೆ ಬೇಕಾದ ಕೋಶಗಳು ರೋಗಿಗಳಿಂದಲೇ ಬರುತ್ತವೆ. ಎದೆಯಲ್ಲಿ ತುಂಬಿಕೊಂಡ ನೀರಿನಲ್ಲಿ ಅವು ತೇಲುತ್ತಿರುತ್ತವೆ, ಆ ನೀರನ್ನು ಆಸ್ಪತ್ರೆಯವರು ಹೇಗೂ ತೆಗೆದು ಚೆಲ್ಲುತ್ತಾರೆ. ರೋಗಿ ಸಹಿ ಹಾಕಿ ಒಪ್ಪಿದರೆ ಅದನ್ನು ನಾವು ತರುತ್ತೇವೆ. ಬಾಟಲಿಯ ಮೇಲೆ ಹೆಸರಿರುವುದಿಲ್ಲ, ಒಂದು ಸಂಖ್ಯೆ ಇರುತ್ತದೆ. ಯಾರ ನೀರು ಯಾವುದೆಂದು ನಮಗೆ ಗೊತ್ತಾಗಬಾರದು, ಅದು ನಿಯಮ.

ಅದೊಂದು ಮಳೆಗಾಲದ ದಿನ, ತರುವವನು ರಜೆ ಹಾಕಿದ್ದಕ್ಕೆ ಬರ್ಫದ ಪೆಟ್ಟಿಗೆ ಹಿಡಿದು ಆಸ್ಪತ್ರೆಗೆ ನಾನೇ ಹೋದೆ. ಅಲ್ಲಿಯ ಸಲಹೆಗಾರ್ತಿ ತಲೆ ಚಚ್ಚಿಕೊಳ್ಳುತ್ತಿದ್ದಳು. ರೋಗಿಗೆ ತೆಲುಗು ಅರ್ಧ, ಹಿಂದಿ ಅರ್ಧ, ಮರಾಠಿ ಕಾಲು ಬರುತ್ತದಂತೆ, ಒಪ್ಪಿಗೆ ಪತ್ರ ಮಾತ್ರ ಯಾವುದರಲ್ಲೂ ತಿಳಿಯುತ್ತಿಲ್ಲವಂತೆ. ಕನ್ನಡ ಬರುವವರು ಯಾರಾದರೂ ಇದ್ದೀರಾ ಎಂದಳು. ಮಂಚದ ಮೇಲೆ ಕೂತವರು ಯಂಕಪ್ಪ, ಐವತ್ತರ ಆಸುಪಾಸು, ಲಿಂಗಸುಗೂರು ಕಡೆಯವರು. ಇಪ್ಪತ್ತು ವರ್ಷದಿಂದ ಈ ಊರಿನ ಕಟ್ಟಡಗಳಲ್ಲಿ ಕಲ್ಲು ಕೊಯ್ದು ನೆಲ ಹಾಸುವ ಕೆಲಸ, ಬಾಯಲ್ಲಿ ಬೀಡಿ. ಪಕ್ಕದಲ್ಲಿ ಹೆಂಡತಿ ದುರುಗಮ್ಮ. ನಾನು ಯಾವ ಊರ್ರಿ ನಿಮ್ಮದು ಎಂದದ್ದೇ ತಡ, ಇಬ್ಬರ ಮುಖವೂ ಬಿಚ್ಚಿಕೊಂಡಿತು. ನನ್ನದೂ ಅಷ್ಟೇ. ಅವರ 'ಐತಿ' ಕೇಳಿ, ಬೀದರಿನವರಂತೆ 'ಅದ' ಅನ್ನುವ ನಾನು ಅತ್ತುಬಿಡುವುದೊಂದು ಬಾಕಿ.

ಪತ್ರವನ್ನು ಸಾಲು ಸಾಲಾಗಿ ಕನ್ನಡ ಮಾಡಿ ಹೇಳಿದೆ. ನಿಮ್ಮ ಎದೆಯ ನೀರನ್ನು ಔಷಧ ಹುಡುಕುವುದಕ್ಕೆ ಬಳಸುತ್ತಾರೆ, ಇಲಿಗಳಲ್ಲಿ ಬೆಳೆಸುತ್ತಾರೆ, ಬೇಡವೆಂದರೆ ಯಾವಾಗ ಬೇಕಾದರೂ ಹಿಂದೆಗೆಯಬಹುದು. ಆಮೇಲೆ ಒಂದು ಸಾಲು ಬಂತು: ಈ ಸಂಶೋಧನೆಯಿಂದ ನಿಮಗೆ ಯಾವ ಪ್ರಯೋಜನವೂ ಆಗುವುದಿಲ್ಲ. ನಮ್ಮ ಕಡೆ ರೋಗಿಯ ಎದುರು ಇಲ್ಲ ಎನ್ನುವ ಮಾತು ಆಡುವುದಿಲ್ಲ. ಸಾಯುವ ಎಮ್ಮೆಯ ಮುಂದೆಯೂ ನಾನು ಒಡೆಯನಿಗೆ, ನೋಡೋಣು, ದೇವರಿದ್ದಾನ ಎಂದೇ ಹೇಳಿದವಳು. ಮನೆಯಲ್ಲಿ ಅಕ್ಕಿ ಮುಗಿದರೂ ಮುಗಿದಿದೆ ಎನ್ನದೆ ಹೆಚ್ಚಾಗಿದೆ ಎನ್ನುವವರು ನಾವು. ಆ ಸಾಲು ನನ್ನ ನಾಲಿಗೆಯವರೆಗೆ ಬಂದು ನಿಂತಿತು. ದುರುಗಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋದೆ. ಯಂಕಪ್ಪ ಸಹಿ ಹಾಕಿದರು. ನೀರಿನ ಬಾಟಲಿಗೆ ಅಂಟಿಸಿದ ಸಂಖ್ಯೆ ನನ್ನ ಕಣ್ಣೆದುರೇ ಇತ್ತು.

ಮಿಯಾಪುರದ ಮೆಟ್ರೋ ನಿಲ್ದಾಣದಿಂದ ಒಂದು ಮೈಲಿ ಆಚೆ, ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಬೆನ್ನಿಗೆ ಅವರ ತಗಡಿನ ಮನೆ. ಭಾನುವಾರ ಅಲ್ಲಿಗೆ ಹೋಗುವ ರೂಢಿಯಾಯಿತು. ಹೋಗಬಾರದಿತ್ತು, ನಿಯಮಕ್ಕೆ ವಿರುದ್ಧ. ದುರುಗಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕುತ್ತಿದ್ದಳು. ನಾನು ಬಾಗಿಲಿಗೆ ಬರುತ್ತಿದ್ದಂತೆಯೇ ಯಂಕಪ್ಪನ ಮೊದಲ ಮಾತು ಒಂದೇ.

"ನಮ್ಮ ಇಲಿ ಹೆಂಗದಾವ್ರಿ ಡಾಕ್ಟರಮ್ಮ?"

ಮೊದಲು ಚೇಷ್ಟೆಯೆಂದುಕೊಂಡೆ. ಅಲ್ಲ, ಅದು ನಿಜವಾದ ವಿಚಾರಣೆ. ಆ ಇಲಿಗಳಲ್ಲಿ ತನ್ನ ರೋಗ ಬೆಳೆಸಿ, ತನಗೆ ಹೊಂದುವ ಔಷಧ ಹುಡುಕಿ, ಸಿಕ್ಕ ಮೇಲೆ ತನ್ನನ್ನು ಕರೆಯುತ್ತಾರೆ ಎಂದು ಅವರು ನಂಬಿದ್ದರು. ಯಾಕೆ ನಂಬಬಾರದು? ಪ್ರಯೋಜನವಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕೀಮೋ ಹಿಡಿಯಿತು, ಮೊದಲ ಸಲ ಹಿಡಿಯುವಂತೆಯೇ. ದೀಪಾವಳಿಯ ಹೊತ್ತಿಗೆ ಯಂಕಪ್ಪನ ಉಸಿರು ಸಲೀಸಾಗಿತ್ತು, ಕೆಮ್ಮು ಅರ್ಧಕ್ಕಿಳಿದಿತ್ತು. ಉದುರಿದ ತಲೆಗೆ ಟವೆಲು ಸುತ್ತಿಕೊಂಡು, ಈಗ ನಿಮ್ಮ ಇಲಿ ಥರಾನೇ ಆಗೇನಿ ಎಂದು ತಾವೇ ನಗುತ್ತಿದ್ದರು. ಮಗಳು ಲಕ್ಷ್ಮಿ ಊರಲ್ಲಿ ಚೊಚ್ಚಲ ಬಸುರಿ. ಗಂಡಹೆಂಡತಿಯ ಜೊತೆ ಬೇಗಂ ಬಜಾರಿಗೆ ಹೋಗಿ ಕೂಸಿಗೆ ನೀರೆರೆಯಲು ಹಿತ್ತಾಳೆಯ ದೊಡ್ಡ ಬೋಗುಣಿ ಆರಿಸಿದೆವು. ಬೇಡವೆಂದರೂ ಕೇಳದೆ ಯಂಕಪ್ಪ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಬಸ್ಸಿನವರೆಗೆ ನಡೆದರು. ನನಗೆ ಆ ದಿನ ಎಷ್ಟು ಸುಖವಾಗಿತ್ತೆಂದರೆ, ಈ ಊರು ನನ್ನದೂ ಆಗಬಹುದು ಅನ್ನಿಸಿತ್ತು.

ದುರುಗಮ್ಮ ಮಗಳ ಬಾಣಂತನಕ್ಕೆ ಊರಿಗೆ ಹೊರಟಳು. ಗಂಡನನ್ನೂ ಕರೆದಳು. ಆಸ್ಪತ್ರೆಯವರೂ ಕೀಮೋ ಮುಗಿದಿದೆ, ಮೈ ಗಟ್ಟಿ ಇರುವಾಗ ಊರಿಗೆ ಹೋಗಿ ಬನ್ನಿ ಎಂದಿದ್ದರು. ಮೈ ಗಟ್ಟಿ ಇರುವಾಗ ಎಂಬುದರ ಅರ್ಥ ನನಗೆ ಗೊತ್ತಿತ್ತು. ಯಂಕಪ್ಪ ಒಪ್ಪಲಿಲ್ಲ. ಉಳಿದ ಕೆಮ್ಮು ಇಟ್ಟುಕೊಂಡು ಬಾಣಂತಿಯ ಕೋಣೆಗೆ ಕಾಲಿಡುವುದು ಹೇಗೆ, ಪೂರ್ತಿ ಗುಣವಾಗಿ ಹೋಗಿ ಮೊಮ್ಮಗುವನ್ನು ಎತ್ತಿಕೊಳ್ಳುತ್ತೇನೆ ಎಂದರು. ಹೇಗೂ ಇಲಿಗಳ ಕೆಲಸ ನಡೆದಿದೆ, ನಾನಿಲ್ಲದಾಗ ಔಷಧ ಬಂದರೆ ನನ್ನ ಪಾಳಿ ತಪ್ಪುತ್ತದೆ ಎಂದರು. ಅಲ್ಲವೇ ಎಂದು ನನ್ನತ್ತ ತಿರುಗಿದರು.

ಅದಕ್ಕೆ ನಾನು ಏನು ಹೇಳಿದೆನೆಂದು ನಿಮಗೆ ಹೇಳಲು ನಾಚಿಕೆಯಾಗುತ್ತದೆ. ನೋಡೋಣು, ಇನ್ನೂ ಭಾಳ ದಿನ ಬೇಕು ಎಂದೆ. ಭಾಳ ದಿನ ಅಂದರೆ ಎಷ್ಟು ಎಂದು ಅವರು ಕೇಳಿದ್ದಕ್ಕೆ ನಕ್ಕು ಸುಮ್ಮನಾದೆ. ವರ್ಷಗಳು, ನಿಮ್ಮ ಆಯುಷ್ಯಕ್ಕಿಂತ ಹೆಚ್ಚು ವರ್ಷಗಳು, ಅದೂ ಔಷಧ ಗೆದ್ದರೆ, ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ. ಕನಿಕರ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ಒಪ್ಪಿಕೊಳ್ಳುತ್ತೇನೆ, ಬರೀ ಕನಿಕರವಲ್ಲ. ಅವರು ಹೋಗಿಬಿಟ್ಟರೆ ಭಾನುವಾರ ನಾನು ಯಾರ ಜೊತೆ ಕನ್ನಡ ಮಾತಾಡಲಿ ಎಂಬ ಲೆಕ್ಕವೂ ಒಳಗಿತ್ತು.

ದುರುಗಮ್ಮ ಬೋಗುಣಿ ಹಿಡಿದು ಒಬ್ಬಳೇ ಹೋದಳು. ಗಂಡು ಕೂಸು ಹುಟ್ಟಿತು. ಯಂಕಪ್ಪ ಅದನ್ನು ಫೋನಿನಲ್ಲಿ ನೋಡಿದರು. ಅದೇ ದಿನಗಳಲ್ಲಿ ಆ ಸಂಖ್ಯೆಯ ಇಲಿಗಳ ಪಕ್ಕೆಯಲ್ಲಿ ಗಂಟು ಕೈಗೆ ಸಿಗುವಷ್ಟಾಯಿತು. ಅರ್ಧ ಇಲಿಗಳಿಗೆ ಔಷಧ, ಅರ್ಧಕ್ಕೆ ಬರೀ ಉಪ್ಪುನೀರು. ಸಂಕ್ರಾಂತಿಯ ವಾರ ಔಷಧ ತಿಂದವುಗಳ ಗಂಟು ಚಪ್ಪಟೆಯಾಗತೊಡಗಿತು. ಎರಡು ಇಲಿಗಳಲ್ಲಿ ನನ್ನ ಚಿಮಟಕ್ಕೆ ಸಿಗಲೇ ಇಲ್ಲ. ಪ್ರಯೋಗಾಲಯದಲ್ಲಿ ಎಲ್ಲರೂ ಎಳ್ಳುಂಡೆ ಹಂಚಿದರು, ಸತ್ತಮ್ಮನೂ ಕುಣಿದಳು. ನಾನು ಓಡಿದ್ದು ತಗಡಿನ ಮನೆಗೆ. ಕರಗ್ಯಾವ, ಎಂದೆ. ಹೇಳಬಾರದ್ದನ್ನು ಹೇಳಿದೆ, ಹೇಳಬೇಕಾದ್ದನ್ನು ಹೇಳಲಿಲ್ಲ. ಯಂಕಪ್ಪ ಎರಡೂ ಕೈ ಎತ್ತಿ ಮುಗಿದರು, ನನಗಲ್ಲ, ಇಲಿಗಳಿಗಿರಬೇಕು. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಬಂದಾಗಲೂ ಹೋಗಲಿಲ್ಲ. ಇಷ್ಟು ದಿನ ಕಾದವನು, ಇನ್ನು ನಾಕು ದಿನಕ್ಕೆ ಯಾಕೆ ಓಡಲಿ ಎಂದರು.

ಶಿವರಾತ್ರಿಗೆ ಮುಂಚಿನ ಸೋಮವಾರ ಒಂದು ಇಲಿಯ ಪಕ್ಕೆಯಲ್ಲಿ ಚಿಮಟದ ತುದಿಗೆ ಏನೋ ತಡೆಯಿತು. ಕಡಲೆಯಷ್ಟೂ ಇಲ್ಲ. ಗುರುವಾರ ಮೂರರಲ್ಲಿ ತಡೆಯಿತು. ಮುಂದಿನ ವಾರ ಎಲ್ಲದರಲ್ಲೂ. ಔಷಧ ಕೊಡುತ್ತಲೇ ಇದ್ದೆವು, ಗಂಟು ಬೆಳೆಯುತ್ತಲೇ ಇತ್ತು. ಇಂತಿಷ್ಟು ದೊಡ್ಡದಾದರೆ ಇಲಿಯನ್ನು ನೋವಿಲ್ಲದೆ ಮುಗಿಸಿಬಿಡಬೇಕೆಂದು ನಿಯಮವಿದೆ. ನಮ್ಮ ಪ್ರಯೋಗಾಲಯದ ದೊಡ್ಡವರು ಬಂದು ನೋಡಿ, ಬರೆದುಕೊಂಡು, ಇದು ಆಗುವ ಔಷಧ ಅಲ್ಲ ಎಂದರು. ಅವರ ದನಿಯಲ್ಲಿ ಆಶ್ಚರ್ಯವಿರಲಿಲ್ಲ.

ಆ ಭಾನುವಾರ ನಾನು ಹೋಗಲಿಲ್ಲ. ಮುಂದಿನ ಭಾನುವಾರವೂ ಹೋಗಲಿಲ್ಲ. ಯುಗಾದಿಯ ಹಿಂದಿನ ದಿನ ದುರುಗಮ್ಮ ಫೋನ್ ಮಾಡಿದಳು, ಅವಳು ಊರಿಂದ ಬಂದು ಎರಡು ದಿನವಾಗಿತ್ತಂತೆ. ಇವರಿಗೆ ತಲೆ ತಿರುಗುತ್ತಿದೆ, ಎಡಗೈ ಹಿಡಿತಕ್ಕೆ ಬರುತ್ತಿಲ್ಲ ಎಂದಳು. ಈ ರೋಗ ಮೆದುಳಿಗೆ ಹತ್ತುತ್ತದೆಂದು ನನಗೆ ಗೊತ್ತು. ಆ ಬೆಳಿಗ್ಗೆಯೇ ಆಸ್ಪತ್ರೆಯವರು ತಲೆಯ ಸ್ಕ್ಯಾನ್ ತೆಗೆದು ಅದನ್ನೇ ಹೇಳಿದ್ದರಂತೆ, ಇನ್ನು ಊರಿಗೆ ಕರೆದುಕೊಂಡು ಹೋಗಿ ಎಂದಿದ್ದರಂತೆ. ಯಂಕಪ್ಪ ಮನೆಗೆ ಬಂದು, ಡಾಕ್ಟರಮ್ಮ ಬರಲಿ, ಔಷಧದ್ದು ಕೇಳೋಣ ಎಂದರಂತೆ.

ಹೋದೆ. ಹಬ್ಬದ ಬೇವು ಬಾಗಿಲಿಗೆ ಸಿಕ್ಕಿಸಿದ್ದರು. ಇಲಿ ಹೆಂಗದಾವ ಎಂದು ಅವರು ಕೇಳುವ ಮೊದಲೇ, ಆಸ್ಪತ್ರೆಯ ಕಾಗದಗಳ ಚೀಲ ತರಿಸಿದೆ. ಅದರಲ್ಲಿ ಒಪ್ಪಿಗೆ ಪತ್ರದ ನಕಲು ಇತ್ತು, ಹಿಂದಿಯದು. ಅವತ್ತು ಒಂದು ಸಾಲು ಬಿಟ್ಟು ಓದಿದ್ದೆ ಎಂದೆ. ಯಾವುದು ಎಂದರು. ಬೆರಳಿಟ್ಟು ಓದಿದೆ, ಸಂಶೋಧನೆಯಿಂದ ನಿಮಗೆ ಯಾವ ಪ್ರಯೋಜನವೂ ಆಗುವುದಿಲ್ಲ. ಇಲಿಗಳಲ್ಲೂ ತಿರುಗಿ ಬಂದಿದೆ ಎಂದೂ, ತಿರುಗಿ ಬರದಿದ್ದರೂ ಆ ಔಷಧ ನಿಮ್ಮ ಕಾಲಕ್ಕೆ ನಿಮಗೆ ಸಿಗುತ್ತಿರಲಿಲ್ಲ ಎಂದೂ ಹೇಳಿದೆ. ಬೈಯಲಿ ಎಂದು ಕಾದೆ, ನಿಜವಾಗಿಯೂ ಕಾದೆ. ಯಂಕಪ್ಪ ತಮ್ಮ ಎಡಗೈಯನ್ನು ಬಲಗೈಯಿಂದ ತಿಕ್ಕಿಕೊಂಡರು.

"ಆ ಮಾತು ಅವತ್ತ ಹೇಳಿದ್ರೂ ನಾ ಸಹಿ ಮಾಡ್ತಿದ್ನಿರಿ," ಎಂದರು. "ಚೆಲ್ಲೋ ನೀರು ಅದು, ಯಾರಿಗರ ಆಗ್ಲಿ ಅಂತ ಕೊಡ್ತಿದ್ನಿ. ಕೊಟ್ಟು ಊರಿಗೆ ಹೋಗ್ತಿದ್ನಿ."

ಅಷ್ಟೇ ಅಂದರು. ನಾನು ಅವರಿಂದ ಕಿತ್ತುಕೊಂಡದ್ದು ಏನೆಂದು ನನಗಿಂತ ಸರಿಯಾಗಿ ಲೆಕ್ಕ ಹಾಕಿ ಹೇಳಿದರು. ಉಸಿರು ಸಲೀಸಾಗಿದ್ದ ಆ ನಾಲ್ಕೈದು ತಿಂಗಳು. ಬೋಗುಣಿ ಹೊರುವಷ್ಟು ಶಕ್ತಿಯಿದ್ದ, ಉಳಿದ ಕೆಮ್ಮಿದ್ದರೇನು, ಬಾಗಿಲಲ್ಲಿ ನಿಂತಾದರೂ ಕೂಸನ್ನು ಕಣ್ಣಿಂದ ನೋಡಬಹುದಾಗಿದ್ದ ತಿಂಗಳುಗಳು. ಅವನ್ನು ಅವರು ನನ್ನ ಮಾತಿನ ಮೇಲೆ ತಗಡಿನ ಕೆಳಗೆ ಕಳೆದಿದ್ದರು.

ಹಬ್ಬ ಕಳೆದ ಮಾರನೇ ದಿನ ಗಾಡಿ ಮಾಡಿಕೊಂಡು ಹೋದರು. ನಾನು ಕೋಠಿ ಪೇಟೆಗೆ ಹೋಗಿ ವಾಂತಿಗೂ ನೋವಿಗೂ ಬರೆದುಕೊಟ್ಟ ಮಾತ್ರೆಗಳನ್ನು ಅಂಗಡಿ ಅಂಗಡಿ ಅಲೆದು ತಂದು ಚೀಲದಲ್ಲಿ ಹಾಕಿಕೊಟ್ಟಿದ್ದೆ. ಊರು ಮುಟ್ಟಿದರು, ಒಂದು ತಿಂಗಳೂ ಇರಲಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿದರೆ, ಇದು ಯಾರ ಮನಿದು ಎಂದು ಕೇಳಿದರಂತೆ. ನಿಮ್ಮ ಮೊಮ್ಮಗ ಎಂದರೆ ಹೌದೇನು ಎಂದು ಮತ್ತೆ ಅದನ್ನೇ ಕೇಳಿದರಂತೆ. ಇದನ್ನೆಲ್ಲ ಫೋನಿನಲ್ಲಿ ಹೇಳಿದವಳು ಲಕ್ಷ್ಮಿ. ನನ್ನನ್ನು ಅವಳು ಅಕ್ಕ ಎಂದು ಕರೆದಳು, ಅಪ್ಪ ಯಾವಾಗಲೂ ನಿಮ್ಮದೇ ಮಾತಾಡುತ್ತಿದ್ದ ಎಂದಳು. ನಾನು ಬಿಟ್ಟು ಓದಿದ ಸಾಲಿನ ಬಗ್ಗೆ ಮನೆಯವರು ಅವಳಿಗೆ ಏನೂ ಹೇಳಿರಲಿಲ್ಲ.

ಆಮೇಲಿನ ಒಂದು ವರ್ಷದ ಬಗ್ಗೆ ಹೇಳಲು ಹೆಚ್ಚಿಲ್ಲ. ನನಗೆ ತೆಲುಗು ಚೆನ್ನಾಗಿ ಬಂತು. ಕನಸಿನಲ್ಲೂ ತೆಲುಗು ಬಂದದ್ದನ್ನು ಹೇಳಿದಾಗ ಸತ್ತಮ್ಮ ಪಾಯಸ ಮಾಡಿ ತಂದಳು. ಆ ಔಷಧವನ್ನು ಬಿಟ್ಟು ಹೊಸದೊಂದನ್ನು ಹಿಡಿದರು, ಅದೂ ಸೋತಿತು, ಮತ್ತೊಂದು ಬಂತು. ಬೀದರಿನಲ್ಲಿ ಮತ್ತೆ ಗುತ್ತಿಗೆ ಹುದ್ದೆ ಕರೆದಿದ್ದಾರೆ, ಬಾ ಎಂದು ಅವ್ವ ಎರಡು ಸಲ ಹೇಳಿದಳು. ಅರ್ಜಿ ತುಂಬಿಸಿ ಇಟ್ಟುಕೊಂಡೆ, ಹಾಕಲಿಲ್ಲ. ಊರಿಗೆ ಹೋದಾಗ ಓಣಿಯ ಎಮ್ಮೆಯೊಂದರ ಕಣ್ಣು ನೋಡು ಎಂದು ಕರೆದರು. ಕೈ ಮರೆತಿರಲಿಲ್ಲ, ಆದರೆ ಒಡೆಯನಿಗೆ ನೋಡೋಣು ಎನ್ನಲು ನಾಲಿಗೆ ಬರಲಿಲ್ಲ. ಇದು ಹೋಗುವ ಕಣ್ಣು ಎಂದೆ. ಶಹರ ಸೇರಿ ಇವಳ ಬಾಯಿ ಒರಟಾಗಿದೆ ಎಂದರು.

ಮೊನ್ನೆ ದುರುಗಮ್ಮ ನನ್ನ ಮನೆಗೆ ಬಂದಿದ್ದಳು. ತಿರುಗಿ ಹೈದರಾಬಾದಿಗೆ ಬಂದು ಆರು ತಿಂಗಳಾಗಿದೆಯಂತೆ, ಅದೇ ಮಿಯಾಪುರದಲ್ಲಿ ಇಟ್ಟಂಗಿ ಹೊರುವ ಕೆಲಸ. ಇಷ್ಟು ದಿನ ಬಂದಿರಲಿಲ್ಲ, ನಾನೂ ಹುಡುಕಿರಲಿಲ್ಲ. ಚಹಾ ಕುಡಿದಳು. ಬರುವ ಸೋಮವಾರ ಊರಲ್ಲಿ ಯಂಕಪ್ಪನ ವರ್ಷದ ದಿವಸ ಇದೆ, ನೀವು ಬರಬೇಕು, ಅವರೇ ಹೇಳಿ ಹೋಗಿದ್ದಾರೆ ಎಂದಳು. ಡಾಕ್ಟರಮ್ಮನ ಮೇಲೆ ಸಿಟ್ಟು ಇಟಗೋಬ್ಯಾಡ ಎಂದಿದ್ದರಂತೆ.

ಸೋಮವಾರ ಎಂದ ಕೂಡಲೇ ನನ್ನ ಮುಖ ಏನಾಯಿತೋ, ಅವಳು ಗಮನಿಸಿದಳು. ಈ ಸಲ ಏನನ್ನೂ ಬಿಡದೆ ಹೇಳಬೇಕೆಂದು ನಿರ್ಧರಿಸಿದ್ದೆ. ಈ ವಾರವೇ ಹೊಸ ಔಷಧ ಶುರುವಾಗಿದೆ, ಸೋಮವಾರ ಅಳತೆಯ ದಿನ, ಅಳೆಯುವ ಕೈ ಬದಲಾಗುವ ಹಾಗಿಲ್ಲ ಎಂದೆ. ಯಾವ ಇಲಿ ಎಂದು ಕೇಳಿದಳು. ನಿಮ್ಮವರ ನೀರಿನವೇ ಎಂದೆ. ಆ ಇಲಿಗಳು ಎಂದೋ ಸತ್ತವು, ಆದರೆ ಸಾಯುವ ಮೊದಲು ಅವುಗಳ ಗಂಟಿನ ಚೂರನ್ನು ಹೊಸ ಇಲಿಗಳಿಗೆ ಹಾಕುತ್ತೇವೆ, ಅವುಗಳಿಂದ ಮತ್ತೆ ಹೊಸವಕ್ಕೆ, ಹೀಗೆ ಅದು ನಾಲ್ಕನೇ ತಲೆಮಾರಿನಲ್ಲಿದೆ ಎಂದು ವಿವರಿಸಿದೆ. ಇದನ್ನು ನಿಲ್ಲಿಸಬೇಕೆಂದರೆ ಬರೆದುಕೊಡಿ, ನಾನೇ ಹೋಗಿ ದೊಡ್ಡವರನ್ನು ಕೇಳುತ್ತೇನೆ ಎಂದೂ ಅಂದೆ. ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ.

"ಅಂದ್ರ ಅವರು ಇನ್ನಾ ಅದಾರೇನ್ರಿ ಅದರಾಗ?"

"ಇಲ್ಲ ದುರುಗಮ್ಮ. ಅವರಲ್ಲ. ಅವರನ್ನ ಕೊಂದದ್ದು ಅದರಾಗ ಅದ."

ಅವಳು ಲೋಟ ಕೆಳಗಿಟ್ಟಳು.

"ಅವರು ಊರ ಮಣ್ಣಿಗೆ ಹೋದ್ರು. ಇದು ಮಾತ್ರ ಈ ಊರಾಗ ಬಾಳೇವ ಮಾಡಾಕತ್ತೈತಿ," ಎಂದಳು. "ಅದಕ್ಕ ಕೂಳು ನೀರು ಹಾಕೋರು ಯಾರ್ರಿ?"

"ನಾನೇ."

ದುರುಗಮ್ಮನ ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡಳು.

"ಹಂಗಾದ್ರ ಆ ಕೈ ತಗೊಂಡು ನೀವು ದಿವಸಕ್ಕ ಬರೂದು ಬ್ಯಾಡ್ರಿ," ಎಂದಳು. ಲಿಫ್ಟು ಬೇಡವೆಂದು ಮೆಟ್ಟಿಲಿಳಿದು ಹೋದಳು.

ಸೋಮವಾರ ಎಂದಿನಂತೆ ಮೆಟ್ರೋ ಹಿಡಿದು ಹೋದೆ. ಬಿಳಿ ಅಂಗಿ ತೊಟ್ಟು, ಗಾಳಿಯ ಕೋಣೆ ದಾಟಿ, ಮೊದಲು ಕಾಳು ಹಾಕಿ ನೀರಿನ ಬಾಟಲಿ ಬದಲಿಸಿದೆ. ಆಮೇಲೆ ಒಂದೊಂದನ್ನೇ ಕೈಗೆತ್ತಿಕೊಂಡು ಅಳೆದೆ. ಎಲ್ಲ ಗಂಟುಗಳೂ ಹೋದ ಗುರುವಾರಕ್ಕಿಂತ ದೊಡ್ಡವಾಗಿದ್ದವು. ಯಾವ ಇಲಿಯ ಜೊತೆಗೂ ಮಾತಾಡಲಿಲ್ಲ.